ಹದಿಹರೆಯದವರ ದೀರ್ಘಕಾಲಿಕ ಮೈಗ್ರೇನ್ ತಡೆ ಚಿಕಿತ್ಸೆಯ ಪ್ರಯೋಗಗಳು

ಹದಿಹರೆಯದವರ ದೀರ್ಘಕಾಲಿಕ ಮೈಗ್ರೇನ್ ತಡೆ ಚಿಕಿತ್ಸೆಯ ಪ್ರಯೋಗಗಳು ಎಂದರೆ ತಿಂಗಳಿನ ಅರ್ಧ ಅಥವಾ ಅದಕ್ಕಿಂತ ಹೆಚ್ಚು ದಿನ ತಲೆನೋವಿನಿಂದ ಬಳಲುವ ಮಕ್ಕಳು ಮತ್ತು ಹದಿಹರೆಯದವರಲ್ಲಿ, ನೋವು ಮರುಕಳಿಸುವುದನ್ನೇ ಕಡಿಮೆ ಮಾಡಬಲ್ಲ ಚಿಕಿತ್ಸೆಗಳನ್ನು ಪರೀಕ್ಷಿಸಿದ ವೈದ್ಯಕೀಯ ಅಧ್ಯಯನಗಳು. ಇವುಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನಡೆದ ಎರಡು ಪ್ರಯೋಗಗಳು ಮುಖ್ಯವಾದವು. ಮೊದಲನೆಯದು ಅಮಿಟ್ರಿಪ್ಟಿಲಿನ್ ಮಾತ್ರೆಯೊಂದಿಗೆ ಅರಿವಿನ ವರ್ತನಾ ಚಿಕಿತ್ಸೆಯನ್ನು (ಸಿಬಿಟಿ) ಸೇರಿಸಿ ನೋಡಿದ, 2013ರಲ್ಲಿ ಪ್ರಕಟವಾದ ಅಧ್ಯಯನ. ಎರಡನೆಯದು ಅಮಿಟ್ರಿಪ್ಟಿಲಿನ್, ಟೊಪಿರಮೇಟ್ ಮತ್ತು ಪ್ಲಸೀಬೊಗಳನ್ನು ಪರಸ್ಪರ ಹೋಲಿಸಿದ, ‘ಚಾಂಪ್’ ಎಂಬ ಹೆಸರಿನಿಂದ ಪರಿಚಿತವಾದ ಅಧ್ಯಯನ. ಮೊದಲನೆಯದು ಮನೋವೈಜ್ಞಾನಿಕ ತರಬೇತಿಯ ಲಾಭವನ್ನು ತೋರಿಸಿತು. ಎರಡನೆಯದು ವೈದ್ಯರು ವ್ಯಾಪಕವಾಗಿ ಬಳಸುತ್ತಿದ್ದ ಎರಡು ಔಷಧಗಳೂ ಔಷಧಾಂಶವಿಲ್ಲದ ಹುಸಿ ಮಾತ್ರೆಗಿಂತ ಮೇಲಲ್ಲ ಎಂಬ ಅನಿರೀಕ್ಷಿತ ಫಲಿತಾಂಶವನ್ನು ನೀಡಿತು. ಈ ಎರಡು ಅಧ್ಯಯನಗಳು ಮಕ್ಕಳ ಮೈಗ್ರೇನ್ ಚಿಕಿತ್ಸೆಯ ಮಾರ್ಗಸೂಚಿಗಳನ್ನು ಬದಲಾಯಿಸಿದವು.

ಹಿನ್ನೆಲೆ

ರೋಗದ ವ್ಯಾಖ್ಯೆ

ಮೈಗ್ರೇನ್ ಅಥವಾ ಅರೆತಲೆನೋವು ಮಿದುಳಿನ ನರಗಳಿಗೆ ಸಂಬಂಧಿಸಿದ ಒಂದು ಕಾಯಿಲೆ. ಮಿಡಿಯುವಂತಹ ನೋವು, ವಾಕರಿಕೆ ಅಥವಾ ವಾಂತಿ, ಬೆಳಕು ಮತ್ತು ಸದ್ದನ್ನು ಸಹಿಸಲಾಗದಿರುವುದು, ಓಡಾಡಿದರೆ ನೋವು ಹೆಚ್ಚುವುದು ಇದರ ಮುಖ್ಯ ಲಕ್ಷಣಗಳು. ವಯಸ್ಕರಲ್ಲಿ ನೋವು ಸಾಮಾನ್ಯವಾಗಿ ತಲೆಯ ಒಂದು ಬದಿಯಲ್ಲಿ ಕಾಣಿಸಿಕೊಂಡರೆ, ಮಕ್ಕಳಲ್ಲಿ ಎರಡೂ ಬದಿಗಳಲ್ಲಿ ಕಾಣಿಸಿಕೊಳ್ಳುವುದೇ ಹೆಚ್ಚು. ಮಕ್ಕಳಲ್ಲಿ ನೋವಿನ ಅವಧಿಯೂ ವಯಸ್ಕರಿಗಿಂತ ಕಡಿಮೆ ಇರಬಹುದು. ಬಾಲ್ಯದಲ್ಲಿ ಹುಡುಗರಲ್ಲಿಯೂ ಹುಡುಗಿಯರಲ್ಲಿಯೂ ಹೆಚ್ಚುಕಡಿಮೆ ಸಮನಾಗಿ ಕಂಡುಬರುವ ಈ ರೋಗವು ಪ್ರೌಢಾವಸ್ಥೆಯ ಅನಂತರ ಹುಡುಗಿಯರಲ್ಲಿ ಹೆಚ್ಚಾಗುತ್ತದೆ.

ತಲೆನೋವುಗಳ ಅಂತರರಾಷ್ಟ್ರೀಯ ವರ್ಗೀಕರಣದ ಮೂರನೆಯ ಆವೃತ್ತಿಯ (2018) ಪ್ರಕಾರ, ಮೂರು ತಿಂಗಳಿಗೂ ಹೆಚ್ಚು ಕಾಲ ತಿಂಗಳಿಗೆ 15 ಅಥವಾ ಅದಕ್ಕಿಂತ ಹೆಚ್ಚು ದಿನ ತಲೆನೋವು ಇದ್ದು, ಅವುಗಳಲ್ಲಿ ಕನಿಷ್ಠ 8 ದಿನಗಳ ನೋವು ಮೈಗ್ರೇನ್ ಲಕ್ಷಣಗಳನ್ನು ಹೊಂದಿದ್ದರೆ ಅದನ್ನು ದೀರ್ಘಕಾಲಿಕ ಮೈಗ್ರೇನ್ ಎಂದು ಕರೆಯಲಾಗುತ್ತದೆ. ಅದಕ್ಕಿಂತ ಕಡಿಮೆ ದಿನ ಬರುವ ನೋವು ಆಗಾಗ್ಗಿನ ಮೈಗ್ರೇನ್ ಎನಿಸಿಕೊಳ್ಳುತ್ತದೆ. ದೀರ್ಘಕಾಲಿಕ ರೂಪವು ಶಾಲಾ ವಯಸ್ಸಿನಲ್ಲಿ ಬಂದಾಗ ತರಗತಿಗೆ ಗೈರುಹಾಜರಿ, ಪರೀಕ್ಷೆಗಳಲ್ಲಿ ಹಿನ್ನಡೆ, ಆಟೋಟ ಮತ್ತು ಗೆಳೆಯರ ಒಡನಾಟದಿಂದ ದೂರ ಉಳಿಯುವುದು, ನಿದ್ರಾಭಂಗ ಮೊದಲಾದ ತೊಂದರೆಗಳು ಜೊತೆಯಾಗುತ್ತವೆ.

ತಡೆ ಚಿಕಿತ್ಸೆ

ಮೈಗ್ರೇನ್ ಚಿಕಿತ್ಸೆಯಲ್ಲಿ ಎರಡು ಬಗೆಗಳಿವೆ. ನೋವು ಆರಂಭವಾದಾಗ ಅದನ್ನು ತಗ್ಗಿಸಲು ಕೊಡುವ ಐಬುಪ್ರೊಫೆನ್, ಟ್ರಿಪ್ಟಾನ್ ಮುಂತಾದ ಔಷಧಗಳದ್ದು ಮೊದಲನೆಯ ಬಗೆ. ನೋವು ಇರಲಿ ಇಲ್ಲದಿರಲಿ ನಿತ್ಯವೂ ತೆಗೆದುಕೊಂಡು ನೋವು ಬರುವ ದಿನಗಳನ್ನೇ ಕಡಿಮೆ ಮಾಡಲು ಉದ್ದೇಶಿಸಿದ್ದು ಎರಡನೆಯದು; ಇದೇ ತಡೆ ಚಿಕಿತ್ಸೆ. ನೋವುನಿವಾರಕಗಳನ್ನು ತಿಂಗಳಲ್ಲಿ ಹಲವು ದಿನ ಬಳಸಿದರೆ ಆ ಬಳಕೆಯೇ ತಲೆನೋವಿಗೆ ಕಾರಣವಾಗಬಹುದು. ಆದ್ದರಿಂದ ದೀರ್ಘಕಾಲಿಕ ಮೈಗ್ರೇನ್ ಇರುವವರಿಗೆ ಮೊದಲ ಬಗೆಯ ಚಿಕಿತ್ಸೆಯೊಂದೇ ಸಾಲದು.

ತಡೆ ಚಿಕಿತ್ಸೆಗೆ ಬಳಕೆಯಾಗುವ ಹಲವು ಹಳೆಯ ಔಷಧಗಳನ್ನು ಮೈಗ್ರೇನಿಗಾಗಿ ತಯಾರಿಸಿದ್ದಲ್ಲ. ಅಮಿಟ್ರಿಪ್ಟಿಲಿನ್ ಮೂಲತಃ ಖಿನ್ನತೆಯ ಔಷಧ. ಟೊಪಿರಮೇಟ್ ಮತ್ತು ವಾಲ್ಪ್ರೊಯೇಟ್ ಅಪಸ್ಮಾರದ (ಮೂರ್ಛೆರೋಗದ) ಔಷಧಗಳು. ಪ್ರೊಪ್ರನೊಲಾಲ್ ರಕ್ತದೊತ್ತಡ ಮತ್ತು ಹೃದಯದ ತೊಂದರೆಗಳಿಗೆ ಕೊಡುವಂಥದ್ದು. ವಯಸ್ಕರಲ್ಲಿ ಇವು ಮೈಗ್ರೇನನ್ನು ತಗ್ಗಿಸುತ್ತವೆ ಎಂಬ ಅನುಭವದ ಆಧಾರದ ಮೇಲೆ, ಮಕ್ಕಳ ತೂಕಕ್ಕೆ ತಕ್ಕಂತೆ ಪ್ರಮಾಣವನ್ನು ಇಳಿಸಿ, ಅವರಿಗೂ ನೀಡುವ ರೂಢಿ ದಶಕಗಳ ಕಾಲ ನಡೆದುಬಂದಿತ್ತು. ಮಕ್ಕಳಲ್ಲಿಯೂ ಅವು ಹಾಗೆಯೇ ಕೆಲಸ ಮಾಡುತ್ತವೆಯೇ ಎಂಬುದಕ್ಕೆ ದೊಡ್ಡ ಪ್ರಮಾಣದ ಪ್ರಯೋಗಗಳ ಪುರಾವೆ ಇರಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು (ಎಫ್‌ಡಿಎ) 2014ರ ಮಾರ್ಚ್‌ವರೆಗೆ 18 ವರ್ಷಕ್ಕಿಂತ ಕೆಳಗಿನವರ ಮೈಗ್ರೇನ್ ತಡೆಗೆ ಯಾವ ಔಷಧಕ್ಕೂ ಅನುಮೋದನೆ ನೀಡಿರಲಿಲ್ಲ.

ಅಳತೆಯ ವಿಧಾನಗಳು

ನೋವನ್ನು ರಕ್ತಪರೀಕ್ಷೆಯಿಂದಾಗಲಿ ಸ್ಕ್ಯಾನಿಂಗ್‌ನಿಂದಾಗಲಿ ಅಳೆಯಲು ಬರುವುದಿಲ್ಲ. ಹೀಗಾಗಿ ಇಂತಹ ಪ್ರಯೋಗಗಳು ಮುಖ್ಯವಾಗಿ ಎರಡು ಸಾಧನಗಳನ್ನು ಅವಲಂಬಿಸುತ್ತವೆ.

ಮೊದಲನೆಯದು ತಲೆನೋವಿನ ದಿನಚರಿ. ಪ್ರಯೋಗದಲ್ಲಿ ಭಾಗವಹಿಸುವವರು ಪ್ರತಿದಿನ ತಲೆನೋವು ಇತ್ತೇ ಇಲ್ಲವೇ ಎಂಬುದನ್ನು ಬರೆದಿಡುತ್ತಾರೆ. ಚಿಕಿತ್ಸೆ ಆರಂಭಿಸುವ ಮುನ್ನ 28 ದಿನಗಳ ದಿನಚರಿಯನ್ನು ಪಡೆದು ಅದನ್ನು ಆರಂಭಿಕ ಅಳತೆಯೆಂದು ಪರಿಗಣಿಸಲಾಗುತ್ತದೆ. ಚಿಕಿತ್ಸೆಯ ಕೊನೆಯ 28 ದಿನಗಳ ದಿನಚರಿಯನ್ನು ಇದರೊಂದಿಗೆ ಹೋಲಿಸಲಾಗುತ್ತದೆ. ತಲೆನೋವಿನ ದಿನಗಳು ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕಡಿಮೆಯಾದರೆ ಚಿಕಿತ್ಸೆ ಫಲ ನೀಡಿತು ಎಂದು ಎಣಿಸುವುದು ರೂಢಿ.

ಎರಡನೆಯದು ‘ಪೆಡ್‌ಮೈಡಾಸ್’ ಎಂಬ ಪ್ರಶ್ನಾವಳಿ. ಮಕ್ಕಳ ತಲೆನೋವಿನಿಂದ ದೈನಂದಿನ ಬದುಕಿಗೆ ಎಷ್ಟು ಅಡ್ಡಿಯಾಗಿದೆ ಎಂಬುದನ್ನು ಇದು ಅಳೆಯುತ್ತದೆ. ಕಳೆದ ಮೂರು ತಿಂಗಳಲ್ಲಿ ಪೂರ್ತಿ ಶಾಲೆ ತಪ್ಪಿದ ದಿನಗಳೆಷ್ಟು, ಅರ್ಧಕ್ಕೇ ಮನೆಗೆ ಮರಳಿದ ದಿನಗಳೆಷ್ಟು, ಶಾಲೆಯಲ್ಲಿದ್ದೂ ಸರಿಯಾಗಿ ಕಲಿಯಲಾಗದ ದಿನಗಳೆಷ್ಟು, ಮನೆಯ ಕೆಲಸ ಮತ್ತು ಆಟಗಳಿಗೆ ಅಡ್ಡಿಯಾದ ದಿನಗಳೆಷ್ಟು ಎಂಬಂತಹ ಆರು ಪ್ರಶ್ನೆಗಳು ಇದರಲ್ಲಿವೆ. ಒಟ್ಟು ಅಂಕ 10ರವರೆಗೆ ಇದ್ದರೆ ಅಡ್ಡಿ ಇಲ್ಲವೆನ್ನುವಷ್ಟು ಕಡಿಮೆ, 11ರಿಂದ 30ರವರೆಗೆ ಸೌಮ್ಯ, 31ರಿಂದ 50ರವರೆಗೆ ಮಧ್ಯಮ, 50ಕ್ಕಿಂತ ಹೆಚ್ಚಿದ್ದರೆ ತೀವ್ರ ಎಂದು ವಿಂಗಡಿಸಲಾಗಿದೆ.

ಟೊಪಿರಮೇಟ್‌ನ ಆರಂಭಿಕ ಪ್ರಯೋಗ

2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 12ರಿಂದ 17 ವರ್ಷದವರಿಗೆ ದಿನಕ್ಕೆ 50 ಮಿಲಿಗ್ರಾಂ ಅಥವಾ 100 ಮಿಲಿಗ್ರಾಂ ಟೊಪಿರಮೇಟ್, ಇಲ್ಲವೇ ಪ್ಲಸೀಬೊ ನೀಡಿ ಹೋಲಿಸಲಾಯಿತು. 100 ಮಿಲಿಗ್ರಾಂ ಪಡೆದವರಲ್ಲಿ ತಿಂಗಳ ಮೈಗ್ರೇನ್ ಸಂಖ್ಯೆಯ ಇಳಿಕೆಯ ಮಧ್ಯಾಂಕ ಸುಮಾರು 72 ಪ್ರತಿಶತ ಇದ್ದರೆ, ಪ್ಲಸೀಬೊ ಪಡೆದವರಲ್ಲಿ ಅದು ಸುಮಾರು 44 ಪ್ರತಿಶತ ಇತ್ತು. 50 ಮಿಲಿಗ್ರಾಂ ಪ್ರಮಾಣವು ಪ್ಲಸೀಬೊಗಿಂತ ಸ್ಪಷ್ಟವಾಗಿ ಮೇಲೆನಿಸಲಿಲ್ಲ. 2014ರ ಮಾರ್ಚ್‌ನಲ್ಲಿ ಎಫ್‌ಡಿಎ 12ರಿಂದ 17 ವರ್ಷದವರ ಮೈಗ್ರೇನ್ ತಡೆಗೆ ಟೊಪಿರಮೇಟ್ ಬಳಕೆಯನ್ನು ಅನುಮೋದಿಸಿತು. ಈ ವಯೋಮಾನಕ್ಕೆ ಅನುಮೋದನೆ ಪಡೆದ ಮೊದಲ ತಡೆ ಔಷಧ ಇದಾಗಿದೆ. ಆದರೆ ಆ ಪ್ರಯೋಗ ನಡೆದದ್ದು ಆಗಾಗ್ಗಿನ ಮೈಗ್ರೇನ್ ಇದ್ದವರಲ್ಲಿ. ದೀರ್ಘಕಾಲಿಕ ರೂಪದ ಪ್ರಶ್ನೆ ಹಾಗೆಯೇ ಉಳಿದಿತ್ತು.

ಅಮಿಟ್ರಿಪ್ಟಿಲಿನ್ ಮತ್ತು ಸಿಬಿಟಿ ಪ್ರಯೋಗ (2013)

ವಿನ್ಯಾಸ

ಓಹಾಯೊ ರಾಜ್ಯದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆ ವೈದ್ಯಕೀಯ ಕೇಂದ್ರದಲ್ಲಿ ಮನೋವಿಜ್ಞಾನಿ ಸ್ಕಾಟ್ ಪವರ್ಸ್, ನರರೋಗ ತಜ್ಞ ಆಂಡ್ರ್ಯೂ ಹರ್ಶಿ ಮತ್ತು ಸಹೋದ್ಯೋಗಿಗಳು ಈ ಪ್ರಯೋಗವನ್ನು ನಡೆಸಿದರು. ಫಲಿತಾಂಶವು 2013ರ ಡಿಸೆಂಬರ್‌ನಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ನಿಯತಕಾಲಿಕವಾದ ‘ಜಾಮಾ’ದಲ್ಲಿ ಪ್ರಕಟವಾಯಿತು. 10ರಿಂದ 17 ವರ್ಷದ 135 ಮಂದಿ ಇದರಲ್ಲಿ ಭಾಗವಹಿಸಿದ್ದರು. ಅವರಲ್ಲಿ 79 ಪ್ರತಿಶತ ಹುಡುಗಿಯರು. ಎಲ್ಲರಿಗೂ ದೀರ್ಘಕಾಲಿಕ ಮೈಗ್ರೇನ್ ಇತ್ತು ಮತ್ತು ಪೆಡ್‌ಮೈಡಾಸ್ ಅಂಕ 20ಕ್ಕಿಂತ ಹೆಚ್ಚಿತ್ತು. ಆರಂಭದಲ್ಲಿ 28 ದಿನಗಳಲ್ಲಿ ಸರಾಸರಿ 21 ದಿನ ತಲೆನೋವು ದಾಖಲಾಗಿತ್ತು. ಅಂದರೆ ನಾಲ್ಕು ವಾರಗಳಲ್ಲಿ ಒಂದು ವಾರದಷ್ಟು ದಿನಗಳು ಮಾತ್ರ ನೋವಿಲ್ಲದೆ ಕಳೆಯುತ್ತಿದ್ದವು. ಪೆಡ್‌ಮೈಡಾಸ್ ಸರಾಸರಿ 68 ಇದ್ದು, ತೀವ್ರ ಅಡ್ಡಿಯ ಮಟ್ಟದಲ್ಲಿತ್ತು.

ಭಾಗವಹಿಸಿದವರನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ಹಂಚಲಾಯಿತು. ಎರಡೂ ಗುಂಪುಗಳಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 1 ಮಿಲಿಗ್ರಾಂ ಗುರಿಯಲ್ಲಿ ಅಮಿಟ್ರಿಪ್ಟಿಲಿನ್ ನೀಡಲಾಯಿತು. 64 ಮಂದಿಯ ಗುಂಪಿಗೆ ಇದರ ಜೊತೆಗೆ ಸಿಬಿಟಿಯ 10 ಅವಧಿಗಳು ದೊರೆತವು. ಉಳಿದ 71 ಮಂದಿಗೆ ಅದೇ ಸಂಖ್ಯೆಯ ಅವಧಿಗಳಲ್ಲಿ ತಲೆನೋವಿನ ಬಗೆಗಿನ ತಿಳಿವಳಿಕೆಯನ್ನು ನೀಡಲಾಯಿತು. ಎರಡೂ ಗುಂಪಿನವರು ಚಿಕಿತ್ಸಕರೊಂದಿಗೆ ಕಳೆದ ಸಮಯ ಸಮನಾಗಿರುವಂತೆ ನೋಡಿಕೊಳ್ಳಲಾಗಿತ್ತು. ಒಬ್ಬ ತಜ್ಞರು ಗಮನವಿಟ್ಟು ಮಾತನಾಡಿಸಿದ್ದರಿಂದಲೇ ನೋವು ಕಡಿಮೆಯಾಯಿತೇ, ಕಲಿಸಿದ ಕೌಶಲದಿಂದ ಕಡಿಮೆಯಾಯಿತೇ ಎಂಬುದನ್ನು ಬೇರ್ಪಡಿಸಿ ನೋಡಲು ಈ ಏರ್ಪಾಡು ಅಗತ್ಯವಾಗಿತ್ತು.

ಸಿಬಿಟಿಯ ಸ್ವರೂಪ

ನೋವಿನ ಸಂದರ್ಭದ ಸಿಬಿಟಿಯು ನೋವನ್ನು ‘ಕಲ್ಪನೆ’ ಎಂದು ಭಾವಿಸುವುದಿಲ್ಲ. ನೋವು ನಿಜವೆಂದೇ ಒಪ್ಪಿಕೊಂಡು, ಅದಕ್ಕೆ ದೇಹ ಮತ್ತು ಮನಸ್ಸು ಪ್ರತಿಕ್ರಿಯಿಸುವ ರೀತಿಯನ್ನು ಬದಲಿಸಲು ತರಬೇತಿ ನೀಡುತ್ತದೆ. ಆಳವಾದ ಉಸಿರಾಟ, ಸ್ನಾಯುಗಳನ್ನು ಒಂದೊಂದಾಗಿ ಸಡಿಲಗೊಳಿಸುವುದು, ದೇಹದ ಸ್ಥಿತಿಯನ್ನು ಉಪಕರಣದ ಮೂಲಕ ಗಮನಿಸುತ್ತ ವಿಶ್ರಾಂತಿಯನ್ನು ಅಭ್ಯಾಸ ಮಾಡುವ ಬಯೋಫೀಡ್‌ಬ್ಯಾಕ್, ‘ಇನ್ನು ನನ್ನಿಂದಾಗದು’ ಎಂಬಂತಹ ಯೋಚನೆಗಳನ್ನು ಗುರುತಿಸಿ ಬದಲಿಸುವುದು, ದಿನದ ಚಟುವಟಿಕೆಗಳನ್ನು ಹಂಚಿಕೊಂಡು ಮಾಡುವುದು ಇದರಲ್ಲಿ ಸೇರಿವೆ. ಮಗು ಈ ಅಭ್ಯಾಸಗಳನ್ನು ಮುಂದುವರಿಸಲು ಮನೆಯಲ್ಲಿ ಹೇಗೆ ನೆರವಾಗಬೇಕು ಎಂಬುದನ್ನು ಪೋಷಕರಿಗೂ ಕಲಿಸಲಾಗುತ್ತದೆ.

ಫಲಿತಾಂಶ

20 ವಾರಗಳ ಕೊನೆಯಲ್ಲಿ ಸಿಬಿಟಿ ಪಡೆದ ಗುಂಪಿನಲ್ಲಿ 28 ದಿನಗಳಿಗೆ ಸರಾಸರಿ 11.5 ತಲೆನೋವಿನ ದಿನಗಳು ಕಡಿಮೆಯಾದವು. ತಿಳಿವಳಿಕೆ ಪಡೆದ ಗುಂಪಿನಲ್ಲಿ ಇಳಿಕೆ 6.8 ದಿನಗಳಷ್ಟಿತ್ತು. ಎರಡರ ನಡುವಿನ ಅಂತರ 4.7 ದಿನ. ಪೆಡ್‌ಮೈಡಾಸ್ ಅಂಕ ಮೊದಲ ಗುಂಪಿನಲ್ಲಿ 52.7ರಷ್ಟು, ಎರಡನೆಯದರಲ್ಲಿ 38.6ರಷ್ಟು ಇಳಿಯಿತು. ತಲೆನೋವಿನ ದಿನಗಳು ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕಡಿಮೆಯಾದವರ ಪ್ರಮಾಣ ಸಿಬಿಟಿ ಗುಂಪಿನಲ್ಲಿ 66 ಪ್ರತಿಶತ, ತಿಳಿವಳಿಕೆಯ ಗುಂಪಿನಲ್ಲಿ 36 ಪ್ರತಿಶತ. ಚಿಕಿತ್ಸೆಯ ಅನಂತರ 12 ತಿಂಗಳು ಕಳೆದಾಗ ಈ ಪ್ರಮಾಣಗಳು ಕ್ರಮವಾಗಿ 86 ಮತ್ತು 69 ಪ್ರತಿಶತಕ್ಕೆ ಏರಿದ್ದವು. 135 ಮಂದಿಯಲ್ಲಿ 129 ಮಂದಿ 20ನೇ ವಾರದ ಹಾಗೂ 124 ಮಂದಿ 12ನೇ ತಿಂಗಳ ಪರಿಶೀಲನೆಯನ್ನು ಪೂರ್ಣಗೊಳಿಸಿದರು. ಇಷ್ಟು ದೀರ್ಘ ಅವಧಿಯ ಅಧ್ಯಯನದಲ್ಲಿ ಕೆಲವರು ಮಾತ್ರ ಹೊರಗುಳಿದದ್ದು ಫಲಿತಾಂಶದ ವಿಶ್ವಾಸಾರ್ಹತೆಯನ್ನು ಹೆಚ್ಚಿಸಿತು.

ಮಿತಿಗಳು

ಈ ಪ್ರಯೋಗವು ಒಂದೇ ಕೇಂದ್ರದಲ್ಲಿ ನಡೆದಿತ್ತು. ತಾವು ಯಾವ ತರಬೇತಿ ಪಡೆಯುತ್ತಿದ್ದೇವೆ ಎಂಬುದನ್ನು ಭಾಗವಹಿಸಿದವರಿಂದ ಮರೆಮಾಡುವುದು ಮಾತ್ರೆಯ ಪ್ರಯೋಗದಲ್ಲಿ ಸಾಧ್ಯವಾದಷ್ಟು ಇಲ್ಲಿ ಸಾಧ್ಯವಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎರಡೂ ಗುಂಪುಗಳು ಅಮಿಟ್ರಿಪ್ಟಿಲಿನ್ ಪಡೆದಿದ್ದರಿಂದ ಒಟ್ಟು ಸುಧಾರಣೆಯಲ್ಲಿ ಮಾತ್ರೆಯ ಪಾಲೆಷ್ಟು ಎಂಬುದನ್ನು ಈ ಅಧ್ಯಯನ ಹೇಳಲಾರದು. ಸಿಬಿಟಿ ಸೇರಿಸಿದರೆ ಹೆಚ್ಚಿನ ಲಾಭವಿದೆ ಎಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ. ಮಾತ್ರೆಯ ಪಾಲನ್ನು ತಿಳಿಯಲು ಪ್ಲಸೀಬೊ ಗುಂಪಿರುವ ಬೇರೊಂದು ಪ್ರಯೋಗ ಬೇಕಿತ್ತು.

ಚಾಂಪ್ ಪ್ರಯೋಗ

ವಿನ್ಯಾಸ

‘ಚಾಂಪ್’ ಎಂಬುದು ಬಾಲ್ಯ ಮತ್ತು ಹದಿಹರೆಯದ ಮೈಗ್ರೇನ್ ತಡೆ ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಸಂಕ್ಷಿಪ್ತ ರೂಪ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಧನಸಹಾಯದಿಂದ ಆ ದೇಶದ 31 ಕೇಂದ್ರಗಳಲ್ಲಿ ಈ ಪ್ರಯೋಗ ನಡೆಯಿತು. 8ರಿಂದ 17 ವರ್ಷದ 361 ಮಂದಿಯನ್ನು ಮೂರು ಗುಂಪುಗಳಿಗೆ ಹಂಚಲಾಯಿತು: 144 ಮಂದಿಗೆ ಅಮಿಟ್ರಿಪ್ಟಿಲಿನ್, 145 ಮಂದಿಗೆ ಟೊಪಿರಮೇಟ್, 72 ಮಂದಿಗೆ ಪ್ಲಸೀಬೊ. ಅಂದರೆ ಐವರಲ್ಲಿ ನಾಲ್ವರಿಗೆ ನಿಜವಾದ ಔಷಧ ಸಿಗುವಂತೆ ಹಂಚಿಕೆ ಮಾಡಲಾಗಿತ್ತು. ಯಾರಿಗೆ ಯಾವ ಮಾತ್ರೆ ಸಿಕ್ಕಿದೆ ಎಂಬುದು ಮಕ್ಕಳಿಗಾಗಲಿ ಪೋಷಕರಿಗಾಗಲಿ ಚಿಕಿತ್ಸೆ ನೀಡುವ ವೈದ್ಯರಿಗಾಗಲಿ ತಿಳಿದಿರಲಿಲ್ಲ. ಭಾಗವಹಿಸಿದವರ ಸರಾಸರಿ ವಯಸ್ಸು ಸುಮಾರು 14 ವರ್ಷ. ಆರಂಭದಲ್ಲಿ 28 ದಿನಗಳಿಗೆ ಸರಾಸರಿ ಸುಮಾರು 11 ದಿನ ತಲೆನೋವು ಇತ್ತು. 2013ರ ಪ್ರಯೋಗದಂತೆ ದೀರ್ಘಕಾಲಿಕ ಮೈಗ್ರೇನ್ ಇದ್ದವರಿಗಷ್ಟೇ ಸೀಮಿತವಾಗದೆ, ಆಗಾಗ್ಗಿನ ಮೈಗ್ರೇನ್ ಇದ್ದವರನ್ನೂ ಇದು ಒಳಗೊಂಡಿತ್ತು.

ಮಾತ್ರೆಯ ಪ್ರಮಾಣವನ್ನು ಮೊದಲ 8 ವಾರಗಳಲ್ಲಿ ನಿಧಾನವಾಗಿ ಏರಿಸಿ, ಮುಂದಿನ 16 ವಾರ ಅದೇ ಮಟ್ಟದಲ್ಲಿ ಮುಂದುವರಿಸಲಾಯಿತು. ಅಮಿಟ್ರಿಪ್ಟಿಲಿನ್‌ನ ಗುರಿ ಪ್ರತಿ ಕಿಲೋಗ್ರಾಂ ತೂಕಕ್ಕೆ ದಿನಕ್ಕೆ 1 ಮಿಲಿಗ್ರಾಂ, ಟೊಪಿರಮೇಟ್‌ನ ಗುರಿ 2 ಮಿಲಿಗ್ರಾಂ. ಒಟ್ಟು 24 ವಾರಗಳ ಕೊನೆಯ 28 ದಿನಗಳಲ್ಲಿ ತಲೆನೋವಿನ ದಿನಗಳು ಅರ್ಧ ಅಥವಾ ಅದಕ್ಕಿಂತ ಹೆಚ್ಚು ಇಳಿದವರ ಪ್ರಮಾಣವೇ ಮುಖ್ಯ ಅಳತೆಯಾಗಿತ್ತು.

ಅವಧಿಗೆ ಮುನ್ನ ಮುಕ್ತಾಯ

ಮೂಲ ಯೋಜನೆಯಂತೆ 675 ಮಂದಿಯನ್ನು ಸೇರಿಸಿಕೊಳ್ಳಬೇಕಾಗಿತ್ತು. ಇಂತಹ ಪ್ರಯೋಗಗಳ ಮಧ್ಯದಲ್ಲಿ, ಪ್ರಯೋಗ ನಡೆಸುವವರಿಂದ ಪ್ರತ್ಯೇಕವಾದ ಸುರಕ್ಷತಾ ಮೇಲ್ವಿಚಾರಣಾ ಮಂಡಳಿಯು ಅಂಕಿ-ಅಂಶಗಳನ್ನು ಪರಿಶೀಲಿಸುತ್ತದೆ. ಚಾಂಪ್‌ನ ಮಧ್ಯಂತರ ವಿಶ್ಲೇಷಣೆಯಲ್ಲಿ, ಇನ್ನಷ್ಟು ಮಂದಿಯನ್ನು ಸೇರಿಸಿದರೂ ಔಷಧಗಳು ಪ್ಲಸೀಬೊಗಿಂತ ಮೇಲೆಂದು ಸಿದ್ಧವಾಗುವ ಸಾಧ್ಯತೆ ಇಲ್ಲವೆಂದು ಕಂಡುಬಂದಿತು. ಹೀಗಾಗಿ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಫಲಿತಾಂಶವು 2016ರ ಅಕ್ಟೋಬರ್‌ನಲ್ಲಿ ಅಂತರಜಾಲದಲ್ಲಿ, 2017ರ ಜನವರಿಯಲ್ಲಿ ಮುದ್ರಿತ ಸಂಚಿಕೆಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಫಲಿತಾಂಶ

ಮುಖ್ಯ ವಿಶ್ಲೇಷಣೆಯಲ್ಲಿ 328 ಮಂದಿಯನ್ನು ಪರಿಗಣಿಸಲಾಯಿತು. ತಲೆನೋವಿನ ದಿನಗಳು ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕಡಿಮೆಯಾದವರ ಪ್ರಮಾಣ ಹೀಗಿತ್ತು:

• ಅಮಿಟ್ರಿಪ್ಟಿಲಿನ್: 52 ಪ್ರತಿಶತ
• ಟೊಪಿರಮೇಟ್: 55 ಪ್ರತಿಶತ
• ಪ್ಲಸೀಬೊ: 61 ಪ್ರತಿಶತ

ಮೂರರ ನಡುವೆ ಸಂಖ್ಯಾಶಾಸ್ತ್ರೀಯವಾಗಿ ಗಣನೀಯ ಎನ್ನಬಹುದಾದ ವ್ಯತ್ಯಾಸ ಇರಲಿಲ್ಲ. ದೈನಂದಿನ ಬದುಕಿಗೆ ಆಗುವ ಅಡ್ಡಿಯ ಅಳತೆಯಲ್ಲಿಯೂ ಔಷಧಗಳು ಪ್ಲಸೀಬೊವನ್ನು ಮೀರಲಿಲ್ಲ. ಪ್ಲಸೀಬೊದ ಅಂಕಿ ಎಲ್ಲಕ್ಕಿಂತ ಮೇಲಿದ್ದರೂ ಹುಸಿ ಮಾತ್ರೆಯೇ ಹೆಚ್ಚು ಪರಿಣಾಮಕಾರಿ ಎಂದು ಇದರ ಅರ್ಥವಲ್ಲ. ಮೂರೂ ಗುಂಪುಗಳು ಒಂದೇ ಮಟ್ಟದಲ್ಲಿ ಸುಧಾರಿಸಿದವು ಎಂದಷ್ಟೇ ಅರ್ಥ.

ಅಡ್ಡಪರಿಣಾಮಗಳಲ್ಲಿ ಮಾತ್ರ ವ್ಯತ್ಯಾಸ ಸ್ಪಷ್ಟವಾಗಿತ್ತು. ಅಮಿಟ್ರಿಪ್ಟಿಲಿನ್ ಪಡೆದವರಲ್ಲಿ 30 ಪ್ರತಿಶತ ಮಂದಿಗೆ ಆಯಾಸ, 25 ಪ್ರತಿಶತ ಮಂದಿಗೆ ಬಾಯಿ ಒಣಗುವಿಕೆ ಉಂಟಾಯಿತು. ಪ್ಲಸೀಬೊ ಗುಂಪಿನಲ್ಲಿ ಇವು 14 ಮತ್ತು 12 ಪ್ರತಿಶತ. ಟೊಪಿರಮೇಟ್ ಪಡೆದವರಲ್ಲಿ 31 ಪ್ರತಿಶತ ಮಂದಿಗೆ ಕೈಕಾಲು ಜುಮ್ಮೆನ್ನುವ ಅನುಭವವಾಯಿತು. ಪ್ಲಸೀಬೊ ಗುಂಪಿನಲ್ಲಿ ಇದು 8 ಪ್ರತಿಶತ. ಟೊಪಿರಮೇಟ್ ಗುಂಪಿನ 8 ಪ್ರತಿಶತ ಮಂದಿಯಲ್ಲಿ ತೂಕ ಇಳಿಯಿತು. ಪ್ಲಸೀಬೊ ಗುಂಪಿನಲ್ಲಿ ಯಾರಲ್ಲಿಯೂ ಹೀಗಾಗಲಿಲ್ಲ. ಗಂಭೀರ ಘಟನೆಗಳಲ್ಲಿ ಅಮಿಟ್ರಿಪ್ಟಿಲಿನ್ ಗುಂಪಿನ ಮೂವರಲ್ಲಿ ಮನಃಸ್ಥಿತಿಯ ಏರುಪೇರು ಮತ್ತು ಟೊಪಿರಮೇಟ್ ಗುಂಪಿನ ಒಬ್ಬರಲ್ಲಿ ಆತ್ಮಹತ್ಯಾ ಪ್ರಯತ್ನ ದಾಖಲಾದವು. ಲಾಭ ಸಮನಾಗಿದ್ದು ಹಾನಿ ಹೆಚ್ಚಿರುವುದರಿಂದ, ಮಕ್ಕಳ ಮೈಗ್ರೇನ್ ತಡೆಗೆ ಈ ಔಷಧಗಳನ್ನು ಮೊದಲ ಆಯ್ಕೆಯಾಗಿ ಬಳಸುವ ರೂಢಿಯೇ ಪ್ರಶ್ನೆಗೊಳಗಾಯಿತು.

ನಂತರದ ಅವಲೋಕನ

ಪ್ರಯೋಗ ಮುಗಿದ ಮೇಲೆ ಭಾಗವಹಿಸಿದವರಲ್ಲಿ ಕೆಲವರನ್ನು ಮೂರು ವರ್ಷಗಳವರೆಗೆ ಗಮನಿಸಲಾಯಿತು. ತಡೆ ಔಷಧವನ್ನು ನಿಲ್ಲಿಸಿದ ಮೇಲೂ ಅವರಲ್ಲಿ ಸುಧಾರಣೆ ಬಹುಮಟ್ಟಿಗೆ ಉಳಿದುಕೊಂಡಿದ್ದು, ಮೊದಲು ಯಾವ ಗುಂಪಿನಲ್ಲಿದ್ದರು ಎಂಬುದರಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ ಎಂದು 2021ರಲ್ಲಿ ವರದಿಯಾಯಿತು.

ಬೊಟುಲಿನಮ್ ಟಾಕ್ಸಿನ್ ಪ್ರಯೋಗ

‘ಬೊಟಾಕ್ಸ್’ ಎಂಬ ಹೆಸರಿನಲ್ಲಿ ಮಾರಾಟವಾಗುವ ಬೊಟುಲಿನಮ್ ಟಾಕ್ಸಿನ್ ಎ ಚುಚ್ಚುಮದ್ದನ್ನು ವಯಸ್ಕರ ದೀರ್ಘಕಾಲಿಕ ಮೈಗ್ರೇನ್ ತಡೆಗೆ ಎಫ್‌ಡಿಎ 2010ರಲ್ಲಿ ಅನುಮೋದಿಸಿತು. ತಲೆ ಮತ್ತು ಕತ್ತಿನ ಸ್ನಾಯುಗಳ 31 ಸ್ಥಳಗಳಲ್ಲಿ ಒಟ್ಟು 155 ಯೂನಿಟ್ ಔಷಧವನ್ನು 12 ವಾರಗಳಿಗೊಮ್ಮೆ ಚುಚ್ಚುವುದು ವಯಸ್ಕರಲ್ಲಿ ಅನುಸರಿಸುವ ಕ್ರಮ.

ಇದು 18 ವರ್ಷಕ್ಕಿಂತ ಕೆಳಗಿನವರಲ್ಲಿಯೂ ಫಲ ನೀಡುವುದೇ ಎಂಬುದನ್ನು ತಿಳಿಯಲು 12ರಿಂದ 17 ವರ್ಷದ 125 ಮಂದಿಯಲ್ಲಿ ನಡೆಸಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಮೂರು ಗುಂಪುಗಳಿಗೆ ಕ್ರಮವಾಗಿ 155 ಯೂನಿಟ್, 74 ಯೂನಿಟ್ ಮತ್ತು ಔಷಧಾಂಶವಿಲ್ಲದ ಚುಚ್ಚುಮದ್ದನ್ನು ಒಮ್ಮೆ ನೀಡಿ 12 ವಾರ ಗಮನಿಸಲಾಯಿತು. ತಿಂಗಳ ತಲೆನೋವಿನ ದಿನಗಳು ಕ್ರಮವಾಗಿ 6.3, 6.4 ಮತ್ತು 6.8ರಷ್ಟು ಕಡಿಮೆಯಾದವು. ಇಲ್ಲಿಯೂ ಪ್ಲಸೀಬೊಗಿಂತ ಔಷಧ ಮೇಲೆನಿಸಲಿಲ್ಲ. ವಯಸ್ಕರ ಪ್ರಯೋಗಗಳಲ್ಲಿ 24 ವಾರಗಳಲ್ಲಿ ಎರಡು ಬಾರಿ ಔಷಧ ನೀಡಲಾಗಿತ್ತು. ಒಂದೇ ಬಾರಿಯ ಚಿಕಿತ್ಸೆ ಇದರ ಒಂದು ಮಿತಿ.

ಸಿಜಿಆರ್‌ಪಿ ಪ್ರತಿಕಾಯಗಳು

ಮೈಗ್ರೇನ್ ನೋವಿನಲ್ಲಿ ಪಾತ್ರವಹಿಸುವ ಸಿಜಿಆರ್‌ಪಿ ಎಂಬ ನರಪೆಪ್ಟೈಡ್ ಅಥವಾ ಅದರ ಗ್ರಾಹಕವನ್ನು ತಡೆಯುವ ಪ್ರತಿಕಾಯಗಳು ಮೈಗ್ರೇನ್ ತಡೆಗೆಂದೇ ರೂಪಿಸಿದ ಔಷಧಗಳು. ವಯಸ್ಕರಿಗಾಗಿ ಇವುಗಳಲ್ಲಿ ಮೊದಲನೆಯದಾದ ಎರೆನುಮ್ಯಾಬ್ 2018ರಲ್ಲಿ ಅನುಮೋದನೆ ಪಡೆಯಿತು. 2025ರ ಆಗಸ್ಟ್‌ನಲ್ಲಿ ಎಫ್‌ಡಿಎ, 6ರಿಂದ 17 ವರ್ಷದ, ಕನಿಷ್ಠ 45 ಕಿಲೋಗ್ರಾಂ ತೂಕವಿರುವ ಮಕ್ಕಳ ಆಗಾಗ್ಗಿನ ಮೈಗ್ರೇನ್ ತಡೆಗೆ ಫ್ರೆಮನೆಜುಮ್ಯಾಬ್ ಬಳಕೆಯನ್ನು ಅನುಮೋದಿಸಿತು. ಈ ಅನುಮೋದನೆಯು ಆಗಾಗ್ಗಿನ ರೂಪಕ್ಕೆ ಮಾತ್ರ ಸಂಬಂಧಿಸಿದೆ. ದೀರ್ಘಕಾಲಿಕ ಮೈಗ್ರೇನ್ ಅದರ ವ್ಯಾಪ್ತಿಯಲ್ಲಿಲ್ಲ.

ಪ್ಲಸೀಬೊ ಪ್ರತಿಕ್ರಿಯೆಯ ಪ್ರಶ್ನೆ

ಮಕ್ಕಳ ಮೈಗ್ರೇನ್ ಪ್ರಯೋಗಗಳಲ್ಲಿ ಪ್ಲಸೀಬೊ ಪಡೆದವರೂ ಹೆಚ್ಚಿನ ಪ್ರಮಾಣದಲ್ಲಿ ಸುಧಾರಿಸುವುದು ಮತ್ತೆ ಮತ್ತೆ ಕಂಡುಬಂದಿದೆ. ಇದಕ್ಕೆ ಹಲವು ಕಾರಣಗಳನ್ನು ಗುರುತಿಸಲಾಗಿದೆ.

• ಸಹಜ ಏರಿಳಿತ: ಮೈಗ್ರೇನ್ ಒಂದೇ ಸಮನೆ ಇರುವ ರೋಗವಲ್ಲ. ನೋವು ತೀರ ಹೆಚ್ಚಿರುವ ಕಾಲದಲ್ಲಿಯೇ ಕುಟುಂಬಗಳು ತಜ್ಞರನ್ನು ಹುಡುಕಿಕೊಂಡು ಬರುತ್ತವೆ. ಅಲ್ಲಿಂದ ಮುಂದಿನ ತಿಂಗಳುಗಳಲ್ಲಿ ಚಿಕಿತ್ಸೆ ಇಲ್ಲದಿದ್ದರೂ ನೋವು ಕೆಲವರಲ್ಲಿ ತನ್ನ ಸರಾಸರಿ ಮಟ್ಟಕ್ಕೆ ಇಳಿಯುತ್ತದೆ.

• ನಿರೀಕ್ಷೆ: ಗುಣವಾಗುತ್ತದೆ ಎಂಬ ನಂಬಿಕೆ ನೋವಿನ ಅನುಭವವನ್ನು ಬದಲಿಸುತ್ತದೆ. ಚಾಂಪ್‌ನಲ್ಲಿ ನಿಜವಾದ ಔಷಧ ಸಿಗುವ ಸಂಭವ ಐದರಲ್ಲಿ ನಾಲ್ಕು ಇದ್ದದ್ದು ಈ ನಿರೀಕ್ಷೆಯನ್ನು ಹೆಚ್ಚಿಸಿರಬಹುದು.

• ಆರೈಕೆ: ಪ್ರಯೋಗಕ್ಕೆ ಸೇರಿದ ಎಲ್ಲರಿಗೂ ತಜ್ಞರ ನಿಯಮಿತ ಭೇಟಿ, ನೋವು ಬಂದಾಗ ಮಾತ್ರೆಯನ್ನು ಸರಿಯಾಗಿ ಬಳಸುವ ಸಲಹೆ ಮತ್ತು ಜೀವನಕ್ರಮದ ತಿಳಿವಳಿಕೆ ದೊರೆಯುತ್ತವೆ. ಸಕಾಲಕ್ಕೆ ಊಟ, ಸಾಕಷ್ಟು ನೀರು, ನಿಗದಿತ ನಿದ್ದೆ ಇವೇ ಕೆಲವರಲ್ಲಿ ನೋವನ್ನು ತಗ್ಗಿಸಬಲ್ಲವು.

• ದಿನಚರಿ ಬರೆಯುವುದು: ನೋವಿನ ದಿನಗಳನ್ನು ತಾವೇ ಗುರುತಿಸುತ್ತ ಹೋದಾಗ ನೋವನ್ನು ಕೆರಳಿಸುವ ಸಂಗತಿಗಳು ಮಕ್ಕಳ ಗಮನಕ್ಕೆ ಬರುತ್ತವೆ.

ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬುದನ್ನು ಬೇರ್ಪಡಿಸಲು, ಯಾವ ಮಾತ್ರೆಯನ್ನೂ ಕೊಡದೆ ಆರೈಕೆಯನ್ನಷ್ಟೇ ನೀಡುವ ನಾಲ್ಕನೆಯ ಗುಂಪು ಬೇಕಾಗುತ್ತದೆ. ಚಾಂಪ್‌ನಲ್ಲಿ ಅಂತಹ ಗುಂಪು ಇರಲಿಲ್ಲ. 2009ರ ಟೊಪಿರಮೇಟ್ ಪ್ರಯೋಗ ಮತ್ತು ಚಾಂಪ್ ನೀಡಿದ ಭಿನ್ನ ಉತ್ತರಗಳನ್ನು ಹೋಲಿಸುವಾಗಲೂ ಎಚ್ಚರ ಅಗತ್ಯ. ಮೊದಲನೆಯದು ಮೈಗ್ರೇನ್ ಎಷ್ಟು ಬಾರಿ ಬಂದಿತು ಎಂಬುದನ್ನು ಎಣಿಸಿತು. ಎರಡನೆಯದು ತಲೆನೋವಿನ ದಿನಗಳನ್ನು ಎಣಿಸಿತು. ಭಾಗವಹಿಸಿದವರ ವಯೋಮಿತಿ ಮತ್ತು ರೋಗದ ರೂಪವೂ ಒಂದೇ ಆಗಿರಲಿಲ್ಲ.

ನೈತಿಕ ಅಂಶಗಳು

ನೋವಿನಿಂದ ಬಳಲುವ ಮಗುವಿಗೆ ತಿಂಗಳುಗಟ್ಟಲೆ ಹುಸಿ ಮಾತ್ರೆ ನೀಡುವುದು ಸರಿಯೇ ಎಂಬುದು ಇಂತಹ ಪ್ರಯೋಗಗಳ ಮುಖ್ಯ ನೈತಿಕ ಪ್ರಶ್ನೆ. ಯಾವ ಚಿಕಿತ್ಸೆ ಮೇಲು ಎಂಬುದು ನಿಜಕ್ಕೂ ತಿಳಿದಿಲ್ಲದಿರುವಾಗ ಮಾತ್ರ ಇದನ್ನು ಒಪ್ಪಬಹುದು ಎಂಬುದು ಸಾಮಾನ್ಯ ನಿಲುವು. ನೋವು ಬಂದಾಗ ತೆಗೆದುಕೊಳ್ಳುವ ಔಷಧವನ್ನು ಯಾವ ಗುಂಪಿಗೂ ನಿರಾಕರಿಸುವಂತಿಲ್ಲ. ಯಾವ ಹಂತದಲ್ಲಿ ಬೇಕಾದರೂ ಹೊರನಡೆಯುವ ಸ್ವಾತಂತ್ರ್ಯವೂ ಇರಬೇಕು. ಚಾಂಪ್‌ನ ಫಲಿತಾಂಶವು ಈ ಪ್ರಶ್ನೆಯ ಇನ್ನೊಂದು ಮುಖವನ್ನೂ ತೋರಿಸಿತು. ಅಲ್ಲಿ ಪ್ಲಸೀಬೊ ಪಡೆದ ಮಕ್ಕಳು ಸುಧಾರಣೆಯಲ್ಲಿ ಹಿಂದೆ ಬೀಳಲಿಲ್ಲ. ಪ್ಲಸೀಬೊ ಗುಂಪೇ ಇಲ್ಲದಿದ್ದರೆ ಎರಡೂ ಔಷಧಗಳು ಅರ್ಧದಷ್ಟು ಮಕ್ಕಳಲ್ಲಿ ಯಶಸ್ವಿಯಾದವು ಎಂದು ಪರಿಗಣಿಸಿ, ಅನಗತ್ಯ ಅಡ್ಡಪರಿಣಾಮಗಳ ಜೊತೆಗೆ ಅವನ್ನು ಮುಂದುವರಿಸುವ ಸಾಧ್ಯತೆ ಇತ್ತು.

18 ವರ್ಷಕ್ಕಿಂತ ಕೆಳಗಿನವರ ವಿಷಯದಲ್ಲಿ ಪೋಷಕರ ಲಿಖಿತ ಒಪ್ಪಿಗೆಯ ಜೊತೆಗೆ ಮಗುವಿನ ಸಮ್ಮತಿಯನ್ನೂ ಪಡೆಯಲಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ 7ರಿಂದ 12 ವರ್ಷದವರಿಂದ ಮೌಖಿಕ ಸಮ್ಮತಿ, 12 ವರ್ಷ ಮೀರಿದವರಿಂದ 18 ವರ್ಷದವರೆಗೆ ಲಿಖಿತ ಸಮ್ಮತಿ ಅಗತ್ಯ.

ಔಷಧಗಳ ಅಪಾಯವೂ ಈ ವಯಸ್ಸಿನಲ್ಲಿ ವಿಶೇಷ ಗಮನ ಬೇಡುತ್ತದೆ. ಅಮಿಟ್ರಿಪ್ಟಿಲಿನ್ ಸೇರಿದಂತೆ ಖಿನ್ನತೆಯ ಔಷಧಗಳ ಮೇಲೆ, ಮಕ್ಕಳು ಮತ್ತು ಯುವಜನರಲ್ಲಿ ಆತ್ಮಹತ್ಯೆಯ ಯೋಚನೆಗಳು ಹೆಚ್ಚುವ ಸಾಧ್ಯತೆಯ ಬಗ್ಗೆ ಎಫ್‌ಡಿಎ ಎಚ್ಚರಿಕೆ ಇದೆ. ಟೊಪಿರಮೇಟ್ ಮತ್ತು ವಾಲ್ಪ್ರೊಯೇಟ್‌ಗಳನ್ನು ಗರ್ಭಾವಸ್ಥೆಯಲ್ಲಿ ತೆಗೆದುಕೊಂಡರೆ ಭ್ರೂಣಕ್ಕೆ ಹಾನಿಯಾಗಬಹುದು. ದೀರ್ಘಕಾಲಿಕ ಮೈಗ್ರೇನ್‌ನಿಂದ ಬಳಲುವ ಹದಿಹರೆಯದವರಲ್ಲಿ ಹುಡುಗಿಯರೇ ಹೆಚ್ಚಿರುವುದರಿಂದ ಈ ಮಾಹಿತಿಯನ್ನು ಅವರಿಗೂ ಕುಟುಂಬಕ್ಕೂ ಮುಂಚಿತವಾಗಿ ತಿಳಿಸುವುದು ಚಿಕಿತ್ಸೆಯ ಭಾಗವೆನಿಸಿದೆ.

ಮಾರ್ಗಸೂಚಿಗಳ ಮೇಲಿನ ಪರಿಣಾಮ

ಅಮೆರಿಕನ್ ನರವಿಜ್ಞಾನ ಅಕಾಡೆಮಿ ಮತ್ತು ಅಮೆರಿಕನ್ ತಲೆನೋವು ಸಂಘ 2019ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ಮೈಗ್ರೇನ್ ತಡೆಯ ಕುರಿತು ಜಂಟಿ ಮಾರ್ಗಸೂಚಿಯನ್ನು ಹೊರತಂದವು. ಹಲವು ಪ್ರಯೋಗಗಳಲ್ಲಿ ಔಷಧಗಳು ಪ್ಲಸೀಬೊವನ್ನು ಮೀರಿಲ್ಲ ಎಂಬುದನ್ನು ಕುಟುಂಬದೊಂದಿಗೆ ಮುಕ್ತವಾಗಿ ಚರ್ಚಿಸಬೇಕು, ಜೀವನಕ್ರಮದ ಸಲಹೆಯನ್ನು ನೀಡಬೇಕು, ಸಿಬಿಟಿಯೊಂದಿಗೆ ಅಮಿಟ್ರಿಪ್ಟಿಲಿನ್ ನೀಡುವುದಕ್ಕೆ ಪುರಾವೆ ಇದೆ ಎಂಬುದು ಅದರ ಮುಖ್ಯಾಂಶಗಳು. ಟೊಪಿರಮೇಟ್ ಮತ್ತು ಪ್ರೊಪ್ರನೊಲಾಲ್‌ಗಳನ್ನೂ ಲಾಭ ಮತ್ತು ಅಪಾಯಗಳನ್ನು ತೂಗಿನೋಡಿ ಬಳಸಬಹುದು ಎಂದು ಅದು ತಿಳಿಸಿತು. ತಡೆ ಔಷಧ ಆರಂಭಿಸಿದ ಮೇಲೆ ಅದರ ಪರಿಣಾಮವನ್ನು ಕಾಲಕಾಲಕ್ಕೆ ಪರಿಶೀಲಿಸಿ, ಅಗತ್ಯವಿಲ್ಲದಾಗ ನಿಲ್ಲಿಸುವುದನ್ನೂ ಪರಿಗಣಿಸಬೇಕಾಗುತ್ತದೆ.

ಸಿಬಿಟಿಯ ಬಳಕೆಗೆ ಇರುವ ದೊಡ್ಡ ಅಡ್ಡಿ ತರಬೇತಿ ಪಡೆದ ಮನೋವಿಜ್ಞಾನಿಗಳ ಕೊರತೆ. ಮಾತ್ರೆಯ ಚೀಟಿ ಬರೆಯಲು ಕೆಲವೇ ನಿಮಿಷ ಸಾಕಾದರೆ, ಸಿಬಿಟಿಗೆ ಹತ್ತು ಅವಧಿಗಳ ಸಮಯ, ಖರ್ಚು ಮತ್ತು ಪ್ರಯಾಣ ಬೇಕು. ‘ಮನೋವೈದ್ಯಕೀಯ’ ಎಂಬ ಹೆಸರಿಗೆ ಅಂಟಿಕೊಂಡಿರುವ ಸಂಕೋಚವೂ ಕುಟುಂಬಗಳನ್ನು ಹಿಂದೇಟು ಹಾಕುವಂತೆ ಮಾಡುತ್ತದೆ.

ಭಾರತದ ಸಂದರ್ಭ

ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಭಾಗವಹಿಸಿ, ಬೆಂಗಳೂರು ನಗರ ಮತ್ತು ಗ್ರಾಮೀಣ ಪ್ರದೇಶಗಳ 18ರಿಂದ 65 ವರ್ಷದ 2,329 ಮಂದಿಯಲ್ಲಿ ನಡೆಸಿದ ಸಮೀಕ್ಷೆಯು ಕರ್ನಾಟಕದಲ್ಲಿ ಮೈಗ್ರೇನ್‌ನ ಒಂದು ವರ್ಷದ ವ್ಯಾಪಕತೆ 25.2 ಪ್ರತಿಶತ ಎಂದು ಅಂದಾಜಿಸಿತು. ಈ ಸಮೀಕ್ಷೆ ವಯಸ್ಕರಿಗೆ ಸೀಮಿತವಾದುದು. ಭಾರತದಲ್ಲಿ ನಡೆಯುವ ಔಷಧ ಪ್ರಯೋಗಗಳನ್ನು ಭಾರತೀಯ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ (ಸಿಟಿಆರ್‌ಐ) ಮುಂಚಿತವಾಗಿ ದಾಖಲಿಸುವುದು 2009ರಿಂದ ಕಡ್ಡಾಯವಾಗಿದೆ. ಪ್ರತಿಕೂಲ ಫಲಿತಾಂಶ ಬಂದ ಪ್ರಯೋಗಗಳೂ ಬೆಳಕಿಗೆ ಬರುವಂತೆ ಮಾಡುವುದು ಇಂತಹ ನೋಂದಣಿಯ ಉದ್ದೇಶಗಳಲ್ಲೊಂದು.

ಇವನ್ನೂ ನೋಡಿ

• ಮೈಗ್ರೇನ್
• ತಲೆನೋವು
• ಪ್ಲಸೀಬೊ
• ಅರಿವಿನ ವರ್ತನಾ ಚಿಕಿತ್ಸೆ
• ಅಮಿಟ್ರಿಪ್ಟಿಲಿನ್
• ಟೊಪಿರಮೇಟ್